ಬೂಟು ಬಿಚ್ಚದ ಕಳ್ಳಿ

ಲೆನೋರ್ ನಮ್ಮ ಆಟದ ಮೇಜಿಗೆ ಬಂದ ಮೊದಲ ಭಾನುವಾರವೇ ನನ್ನೊಡನೆ ಜಗಳವಾಡಿದರು. ಜಗಳದ ವಿಷಯ ಅದೃಶ್ಯತೆ.

"ಮಾಯದ ಮದ್ದು ಕುಡಿದಿದೀನಿ. ನಾನು ಯಾರಿಗೂ ಕಾಣಲ್ಲ. ಹಾಗಿದ್ದ ಮೇಲೆ ಕಾವಲುಗಾರ ಹೇಗೆ ತಿರುಗಿ ನೋಡ್ದ?"

"ಕಾಣಲ್ಲ, ಸರಿ. ಆದ್ರೆ ಕೇಳಿಸ್ತೀರಿ. ಕಾಣದೆ ಇರೋದು ಬೇರೆ, ಅಡಗಿರೋದು ಬೇರೆ. ಅಡಗಬೇಕು ಅಂದ್ರೆ ದಾಳ ಹಾಕಬೇಕು."

"ಯಾವ ಊರ ಲೆಕ್ಕ ಇದು, ಮೇಷ್ಟ್ರೇ?"

ಹೀಗೆಂದು ಅವರು ಗಲ್ಲಕ್ಕೆ ಕೈ ಆನಿಸಿ, ನನ್ನ ರಟ್ಟಿನ ಪರದೆಯ ಮೇಲಂಚಿನಿಂದ ನನ್ನನ್ನೇ ನೋಡಿದರು. ಲಾ ಕ್ರಾಸ್ ನಗರದಲ್ಲಿ ಮೂವತ್ತೊಂಬತ್ತು ವರ್ಷ ಅಂಕಗಣಿತ ಕಲಿಸಿದವನು ನಾನು. ಲೆಕ್ಕ ಅರ್ಥವಾಗದೆ ನನ್ನ ಮುಖ ನೋಡಿದವರು ಸಾವಿರಾರು ಮಂದಿ. ಅರ್ಥವಾದ ಮೇಲೂ ನೋಡುತ್ತಲೇ ಉಳಿದವರು ಇವರೊಬ್ಬರೇ.

ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ನಮ್ಮ ಆಟ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುವ, ದಾಳ ಬಿದ್ದಂತೆ ಕತೆ ಸಾಗುವ ಆಟ. ಕತೆ ನಡೆಸುವವನು ನಾನು. ಕಾವಲುಗಾರರು, ಭೂತಗಳು, ಅಂಗಡಿಯವರು ಎಲ್ಲರ ಮಾತೂ ನನ್ನದೇ. ಅಂಚೆ ಹಂಚಿ ನಿವೃತ್ತನಾದ ವೆಂಡೆಲ್ ಸನ್ಯಾಸಿಯಾಗಿ ಆಡುತ್ತಿದ್ದ. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ, ಗಂಡನನ್ನು ಕಳೆದುಕೊಂಡು ಎರಡು ವರ್ಷವಾಗಿದ್ದ ಲೆನೋರ್ ಕಳ್ಳಿಯಾದರು.

ನಮ್ಮ ಮೇಜಿನ ಪದ್ಧತಿಗಳು ಮೂರು. ಅದೃಶ್ಯರಾದವರು ತಮ್ಮ ಪಾತ್ರದ ತವರದ ಗೊಂಬೆಯನ್ನು ಆಟದ ಹಲಗೆಯಿಂದ ತೆಗೆದು ನನ್ನ ಕೈಗೆ ಕೊಡಬೇಕು. ಮತ್ತೆ ಕಣ್ಣಿಗೆ ಬಿದ್ದ ಮೇಲೆಯೇ ಅದು ಮರಳಿ ಸಿಗುವುದು. ಅಡಗುವವರು ತಮ್ಮ ದಾಳವನ್ನು ಬಹಿರಂಗವಾಗಿ ಹಾಕಬೇಕು. ಕಾವಲುಗಾರನ ಕಿವಿಯ ದಾಳವನ್ನು ಮಾತ್ರ ನಾನು ಪರದೆಯ ಹಿಂದೆ ಹಾಕುತ್ತೇನೆ. ಅಲ್ಲಿ ಏನು ಬಿತ್ತೆಂದು ಆಡುವವರು ಎಂದೂ ಕೇಳಕೂಡದು.

ಕೇಳುವ ಅಗತ್ಯವೂ ಇರಲಿಲ್ಲ. ಬಿದ್ದ ಸಂಖ್ಯೆಯನ್ನು ನಾನು ಎಂದೂ ತಿರುಚಿದವನಲ್ಲ. ವೆಂಡೆಲ್‌ನ ಸನ್ಯಾಸಿ ನಾಲ್ಕು ಬಾರಿ ಸತ್ತಿದ್ದಾನೆ.

ನಮ್ಮ ಕತೆಯ ಕೋಟೆಯಲ್ಲಿ ಒಬ್ಬ ಮುದಿ ಕಾವಲುಗಾರನಿದ್ದ. ಕತೆಗೆ ಅವನಿಂದ ಪ್ರಯೋಜನವಿರಲಿಲ್ಲ. ಓಣಿಯ ಕೊನೆಯಲ್ಲಿ ಈಟಿ ಹಿಡಿದು ನಿಂತಿರುವುದಷ್ಟೇ ಅವನ ಕೆಲಸ. ಆದರೆ ಲೆನೋರ್ ಅವನನ್ನು ಬಿಡಲಿಲ್ಲ. ಬೂಟು ಬಿಚ್ಚಿ, ಉಸಿರು ಹಿಡಿದು, ಕಾಣದಂತೆ ಹೋಗಿ ಅವನ ಬಾಗಿಲಲ್ಲಿ ಒಂದು ವಾರ ಸೇಬು, ಇನ್ನೊಂದು ವಾರ ಉಣ್ಣೆಯ ಕೈಗವಸು ಇಟ್ಟು ಬರುತ್ತಿದ್ದರು.

"ಏನಂತಾನೆ ನಿಮ್ಮ ಮುದುಕ?" ಎಂದು ಕೇಳುತ್ತಿದ್ದರು.

"ಸೇಬು ಯಾರು ಇಟ್ಟಿದ್ದು ಅಂತ ಯೋಚಿಸ್ತಾನೆ."

"ಬರೀ ಯೋಚಿಸ್ತಾನಾ? ತಿನ್ನಲ್ವಾ?"

"ತಿಂತಾನೆ."

"ದೇವರು ದೊಡ್ಡವನು," ಎನ್ನುತ್ತ ಅವರು ತಾವು ಮಾಡಿ ತಂದ ರೂಬಾರ್ಬ್ ಪೈ ಎಂಬ ಹುಳಿಸಿಹಿ ತಿನಿಸಿನ ದೊಡ್ಡ ತುಂಡನ್ನು ನನ್ನ ಕಡೆ ತಳ್ಳುತ್ತಿದ್ದರು. ತಟ್ಟೆ ದಾಟುವಾಗ ನಮ್ಮ ಬೆರಳುಗಳು ತಾಗಿದರೆ ಇಬ್ಬರೂ ಹಲಗೆಯನ್ನು ನೋಡುತ್ತಿದ್ದೆವು.

"ಆಟ ಆಡ್ರಪ್ಪಾ," ಎಂದು ವೆಂಡೆಲ್ ಗೊಣಗುತ್ತಿದ್ದ. "ನನ್ನ ಸನ್ಯಾಸಿ ಬಾವಿಲಿ ನೇತಾಡ್ತಾ ಇದಾನೆ."

ಹನ್ನೊಂದು ತಿಂಗಳು ಹೀಗೆ ನಡೆಯಿತು. ಮಾರ್ಚಿನಲ್ಲಿ, ನದಿಯ ಮಂಜುಗಡ್ಡೆ ಒಡೆಯತೊಡಗಿದ ವಾರ, ಲೆನೋರ್ ಕೋಟು ಬಿಚ್ಚುವ ಮುನ್ನವೇ ಹೇಳಿದರು:

"ಫ್ಲೋರಿಡಾದಿಂದ ತಂಗಿ ಫೋನ್ ಮಾಡಿದ್ಲು. ಮನೆ ಮಾರಿ ಬಂದ್ಬಿಡು, ಇಬ್ರೂ ಜೊತೆಗಿರೋಣ ಅಂತಾಳೆ. ನಾಳೆ ಬೆಳಿಗ್ಗೆ ಉತ್ತರ ಹೇಳ್ಬೇಕು."

"ಹೋಗ್ತೀಯಾ?" ಎಂದ ವೆಂಡೆಲ್.

"ಗೊತ್ತಿಲ್ಲ ಕಣೋ. ಇಲ್ಲಿ ನನ್ನ ಹಿಡಿದು ನಿಲ್ಲಿಸೋರು ಯಾರಿದಾರೆ?"

ಅವರು ನನ್ನ ಕಡೆ ನೋಡಿದರು. ನಾನು ಪರದೆಯನ್ನು ಸರಿಮಾಡಿದೆ.

ಅಂದಿನ ಆಟದಲ್ಲಿ ಅವರ ಕಳ್ಳಿಗೆ ದೊಡ್ಡ ಗಾಯವಾಗಿತ್ತು. ಉಳಿದ ಜೀವ ಎರಡೇ ಅಂಕ. ವೆಂಡೆಲ್ ಓಡಿಹೋಗೋಣವೆಂದ. ಲೆನೋರ್ ಒಪ್ಪಲಿಲ್ಲ. ಮದ್ದು ಕುಡಿದು, ಗೊಂಬೆಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅಲ್ಲಿಯೇ ಕ್ಷಣಕಾಲ ಉಳಿಸಿದರು.

"ಮುದುಕನ ಹತ್ರ ಹೋಗ್ತೀನಿ. ಮೂರು ಹೆಜ್ಜೆ ದೂರದಲ್ಲಿ ನಿಲ್ತೀನಿ."

"ಬೂಟು ಬಿಚ್ತೀರಲ್ಲ?"

"ಇಲ್ಲ. ಇವತ್ತು ಬೂಟು ಹಾಕ್ಕೊಂಡೇ ಹೋಗ್ತೀನಿ."

ಕಲ್ಲು ನೆಲದ ಮೇಲೆ ಬೂಟಿಗೆ ಐದು ಕಳೆಯಬೇಕು. ಅವರು ಹಾಕಿದ ದಾಳಕ್ಕೆ ಒಟ್ಟು ಇಪ್ಪತ್ತು ಬಂದಿತ್ತು, ಉಳಿದದ್ದು ಹದಿನೈದು. ಮುದುಕನ ಮೊತ್ತ ಅದನ್ನು ಮೀರಬಾರದು. ಮುದುಕನ ಕಿವಿಗೆ ಮೂರು ಸೇರಿಸಿದರೆ, ಇಪ್ಪತ್ತು ಮುಖದ ದಾಳದಲ್ಲಿ ಹದಿಮೂರು ಅಥವಾ ಹೆಚ್ಚು ಬಿದ್ದಲ್ಲಿ ಆಕೆ ಸಿಕ್ಕಿಬೀಳುತ್ತಾಳೆ. ನೂರಕ್ಕೆ ನಲವತ್ತು ಸಂಭವ. ಸಿಕ್ಕಿಬಿದ್ದವರನ್ನು ಕಾವಲುಗಾರ ಮೊದಲು ಇರಿಯುತ್ತಾನೆ, ಆಮೇಲೆ ವಿಚಾರಿಸುತ್ತಾನೆ. ಅದೂ ನಿಯಮವೇ.

ದಾಳ ಉರುಳಿಸಿದೆ. ಹದಿಮೂರು ಬಿತ್ತು. ಮೂರು ಸೇರಿ ಹದಿನಾರು.

ಕಳ್ಳಿ ಸತ್ತರೆ ಲೆನೋರ್‌ಗೆ ಈ ಮೇಜಿನಲ್ಲಿ ಏನು ಉಳಿಯುತ್ತದೆ? ನಾಳೆ ತಂಗಿಗೆ ಏನು ಹೇಳುತ್ತಾರೆ? ನಾನು ಮಾಡಿದ ಲೆಕ್ಕ ಇಷ್ಟೇ. ಅದರಲ್ಲಿ ಬೂಟನ್ನು ಐದು ಎಂದು ಮಾತ್ರ ಹಿಡಿದಿದ್ದೆ. ಆಕೆ ಏಕೆ ಬಿಚ್ಚಲಿಲ್ಲವೆಂದು ಕೇಳಿಕೊಳ್ಳಲಿಲ್ಲ.

"ಅವನಿಗೆ ಗೊತ್ತಾಯ್ತಾ?" ಎಂದು ಲೆನೋರ್ ಕೇಳಿದರು. ಆ ದನಿಯಲ್ಲಿ ತಮಾಷೆಯಿರಲಿಲ್ಲ.

"ಇಲ್ಲ," ಎಂದೆ. "ಅವನಿಗೇನೂ ಕೇಳಿಸ್ಲಿಲ್ಲ. ಗೋಡೆ ಕಡೆ ತಿರುಗಿದ."

ಅವರು ಹಲಗೆಯ ಮೇಲಿನ ಖಾಲಿ ಓಣಿಯನ್ನು ನೋಡಿದರು. ಆಮೇಲೆ ತಮ್ಮ ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು.

"ಸರಿ ಬಿಡಿ," ಎಂದರು.

ಮರುದಿನ ತಂಗಿಗೆ ಬರುತ್ತೇನೆಂದು ಹೇಳಿದರು. ಮೂರು ವಾರದಲ್ಲಿ ಮನೆ ಮಾರಾಟವಾಯಿತು.

ಹೊರಡುವ ದಿನ ಬೆಳಿಗ್ಗೆ ಪೆಟ್ಟಿಗೆಗಳನ್ನು ಏರಿಸಲು ವೆಂಡೆಲ್ ಮತ್ತು ನಾನು ಹೋದೆವು. ಲಾರಿ ಮುಂದೆ ಹೋಗಿತ್ತು. ಅವರು ಕಾರಿನ ಬಾಗಿಲು ತೆರೆದು, ಹತ್ತದೆ ನಿಂತರು.

"ಮೇಷ್ಟ್ರೇ, ಇನ್ನು ನಾನು ನಿಮ್ಮ ಮೇಜಿನವಳಲ್ಲ. ಕೇಳ್ಬಹುದಲ್ವಾ?"

"ಕೇಳಿ."

"ಆವತ್ತು ಎಷ್ಟು ಬಿತ್ತು?"

ಸುಳ್ಳು ಹೇಳುವ ಅಭ್ಯಾಸ ನನಗೆ ಒಂದೇ ದಿನದ್ದು. "ಹದಿಮೂರು. ಒಟ್ಟು ಹದಿನಾರು."

ಅವರ ತುಟಿಗಳು ಸಣ್ಣಗೆ ಅಲುಗಿದವು, ಕೂಡಿ ಕಳೆಯುತ್ತಿದ್ದರು.

"ಅಂದ್ರೆ ಮುದುಕನಿಗೆ ಗೊತ್ತಾಗಿತ್ತು."

"ಗೊತ್ತಾಗಿತ್ತು. ಎರಡೇ ಅಂಕ ಇತ್ತು ನಿಮ್ಗೆ, ಲೆನೋರ್. ಸತ್ತುಹೋಗ್ತಿದ್ರಿ. ಸತ್ರೆ ನೀವಿನ್ನು ಭಾನುವಾರ ಬರಲ್ಲ ಅಂತ..."

"ಸಾಯ್ಲಿ ಬಿಡಿ! ಇನ್ನೊಂದು ಕಳ್ಳಿ ಮಾಡ್ಕೊಂಡು ಬರ್ತಿದ್ದೆ." ಅವರ ಕಣ್ಣು ತುಂಬಿತ್ತು. "ಗೊತ್ತಾಯ್ತು ಅಂತ ಒಂದು ಮಾತು ನಿಮ್ಮ ಬಾಯಲ್ಲಿ ಬರ್ಲಿ ಅಂತ ಬೂಟು ಹಾಕ್ಕೊಂಡು ನಿಂತಿದ್ದೆ. ವರ್ಷವೆಲ್ಲ ಸೇಬು ಇಟ್ಟವಳು ನಾನು. ಇನ್ನೇನು ಮಾಡ್ಬೇಕಿತ್ತು?"

"ಹೋಗ್ಬೇಡಿ," ಎಂದೆ. ಆ ಮಾತು ಬಾಯಿಂದ ಬರಲು ಹನ್ನೊಂದು ತಿಂಗಳು ಮೂರು ವಾರ ಹಿಡಿದಿತ್ತು.

ಅವರು ಹಿಂದೆ ತಿರುಗಿ ಮನೆಯನ್ನು ನೋಡಿದರು. ಕಿಟಕಿಯೊಳಗೆ ಹೊಸಬರ ಹುಡುಗಿ ಗೋಡೆಯ ಅಳತೆ ಹಿಡಿಯುತ್ತಿದ್ದಳು.

"ತಂಗಿಗೆ ಕಣ್ಣು ಪೂರ್ತಿ ಹೋಗ್ತಾ ಇದೆ. ಬರ್ತೀನಿ ಅಂದ ದಿನದಿಂದ ಬಾಗಿಲಲ್ಲೇ ಕೂತಿರ್ತಾಳಂತೆ." ಅವರು ನನ್ನ ಕೋಟಿನ ಮೇಲಿನ ಗುಂಡಿಯನ್ನು ಹಾಕಿದರು, ಕೈಯನ್ನು ಅಲ್ಲಿಯೇ ಇಟ್ಟರು. "ಈಗ ಆಗಲ್ಲ ಮೇಷ್ಟ್ರೇ."

ನಾನು ಜೇಬಿನಿಂದ ತವರದ ಗೊಂಬೆಯನ್ನು ತೆಗೆದು ಚಾಚಿದೆ. ಅವರು ನನ್ನ ಬೆರಳುಗಳನ್ನು ಅದರ ಸುತ್ತ ಮಡಚಿದರು.

"ನಿಮ್ಮ ಹತ್ರಾನೇ ಇರ್ಲಿ. ನಿಯಮ ನಿಯಮಾನೇ. ನಾನಿನ್ನೂ ಯಾರಿಗೂ ಕಂಡಿಲ್ಲ."

ಕಾರು ಸೇತುವೆಯ ಕಡೆ ತಿರುಗುವವರೆಗೆ ನಿಂತಿದ್ದೆ.

ಆಟ ಈಗಲೂ ಎರಡಕ್ಕೆ ಆರಂಭವಾಗುತ್ತದೆ. ಪರದೆಯನ್ನು ಸುಟ್ಟುಹಾಕಿದ್ದೇನೆ. ಕೂತ ತಕ್ಷಣ ಮೊದಲ ದಾಳವನ್ನು ಮುದುಕನ ಕಿವಿಗಾಗಿ ಎಲ್ಲರ ಎದುರಿಗೇ ಉರುಳಿಸುತ್ತೇನೆ. ಏಕೆಂದು ವೆಂಡೆಲ್ ಕೇಳುವುದಿಲ್ಲ. ಕಳೆದ ಭಾನುವಾರ ಹತ್ತೊಂಬತ್ತು ಬಿತ್ತು.

"ಗೊತ್ತಾಯ್ತು," ಎಂದು ಗಟ್ಟಿಯಾಗಿ ಹೇಳಿ, ಗೊಂಬೆಯನ್ನು ಓಣಿಯಲ್ಲಿ ಮುದುಕನಿಂದ ಮೂರು ಹೆಜ್ಜೆ ದೂರದಲ್ಲಿ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡೆ.