ಎರಡೂವರೆ ಇಂಚಿನ ತಪ್ಪು

ಜಗಳೂರಿನಲ್ಲಿ ಹನ್ನೊಂದು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬ ಹೆಂಗಸಿನ ಮೈಮೇಲೂ ಟೇಪ್ ಇಟ್ಟಿರಲಿಲ್ಲ. ಅಂಗಡಿ ಬಾಗಿಲಲ್ಲೇ ಬೋರ್ಡ್ ಇದೆ: 'ಅಳತೆ ಬ್ಲೌಸ್ ಕಡ್ಡಾಯವಾಗಿ ತರುವುದು. ದುರುಗೇಶ್ ಟೈಲರ್.' ಹಳೇ ಬ್ಲೌಸ್ ಕೊಟ್ಟರೆ ಅದನ್ನು ನೋಡಿಕೊಂಡು ಹೊಸದು ಹೊಲಿದು ಕೊಡುತ್ತೇನೆ. ಮನುಷ್ಯರನ್ನು ಮುಟ್ಟುವ ಕೆಲಸವೇ ಇಲ್ಲ.

ನೋಡಿದವರು ಶಿಸ್ತು ಅನ್ನುತ್ತಾರೆ. ಶಿಸ್ತೂ ಇಲ್ಲ, ಮಣ್ಣೂ ಇಲ್ಲ, ಬರೀ ಭಯ. ನನಗೆ ಕೆಲಸ ಕಲಿಸಿದ ಜಂಪಣ್ಣನ ಅಂಗಡಿ ಬಿಳಿಚೋಡಿನಲ್ಲಿತ್ತು. ಒಂದು ಮಧ್ಯಾಹ್ನ ಯಾರೋ ಒಬ್ಬರು, "ಅಳತೆ ತಗೊಳ್ಳೋವಾಗ ಕೈ ಎಲ್ಲೋ ಹೋಯ್ತಂತೆ" ಅಂದರು. ಹೋಗಿರಲಿಲ್ಲ. ಎದುರಿಗೇ ಕೂತು ಕಾಜಾ ಹಾಕುತ್ತಿದ್ದವನು ನಾನು, ನನಗೆ ಗೊತ್ತು. ಆದರೂ ಸಂಜೆಯೊಳಗೆ ಅವನ ಮಿಷನ್ ರಸ್ತೆಯಲ್ಲಿ ಬಿದ್ದಿತ್ತು. ಅವತ್ತಿನಿಂದ ನಾನು ಹಗ್ಗ ಕಂಡರೂ ಹಾವು ಅನ್ನುವ ಪೈಕಿ.

ಇಂಥವನ ಅಂಗಡಿಗೆ ಯಶೋಧರಾ ಟೀಚರ್ ಬಂದಳು. ಹೈಸ್ಕೂಲಿನ ಪಿ.ಟಿ. ಟೀಚರ್. ಎರಡು ವರ್ಷದಿಂದ ನನ್ನ ಗಿರಾಕಿ. ಎರಡು ವರ್ಷದಿಂದಲೂ ಅವಳು ಮೆಟ್ಟಿಲು ಹತ್ತಿದರೆ ನನ್ನ ಮಿಷನ್ ದಾರ ತುಂಡಾಗುತ್ತದೆ. ಅವಳ ಭುಜದ ಅಳತೆ ನನಗೆ ಬಾಯಿಪಾಠ. ಭುಜವನ್ನು ಮಾತ್ರ ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ.

"ಅಳತೆ ಬ್ಲೌಸ್ ತಂದೀರಾ, ಟೀಚರ್?"

"ಬ್ಲೌಸಿಗಲ್ಲ. ಬಿಲ್ಲಿಗೆ."

ನಾನು ರಸೀದಿ ಪುಸ್ತಕಕ್ಕೆ ಕೈ ಹಾಕಿದೆ. ಅವಳು ನಕ್ಕು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು.

"ಕಾಂಪೌಂಡ್ ಬಿಲ್ಲು ತರಿಸ್ತಿದೀನಿ. ಎರಡು ತುದಿಗೂ ಗಾಲಿ ಇರ್ತಾವೆ. ಇಷ್ಟೇ ಎಳೀಬೇಕು ಅಂತ ಮೊದಲೇ ಕೂಡಿಸಿರ್ತಾರೆ, ಅಲ್ಲಿಗೆ ಬಂದು ನಿಲ್ತೈತೆ. ಅದಕ್ಕೆ ಡ್ರಾ ಲೆಂತ್ ಅಂತಾರೆ. ಅದು ನನ್ ತೋಳಿಗೆ ಸರಿ ಇರಬೇಕು. ಕೈ ಎರಡೂ ಅಗಲಿಸಿ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟು ಇಂಚು ಬರ್ತೈತೋ ಅದನ್ನ ಎರಡೂವರೆಯಿಂದ ಭಾಗಿಸೋದು. ಒಬ್ಬಳೇ ತಗೊಳ್ಳಾಕೆ ಆಗಲ್ಲ, ನೋಡ್ರಿ."

"ಹನುಮಂತಮ್ಮ ಬರ್ಲಿ, ಟೀಚರ್. ಅವಳು ತಗೊಂತಾಳೆ."

ಹನುಮಂತಮ್ಮ ನಮ್ಮ ಅಂಗಡಿಯಲ್ಲಿ ಹೆಮ್ಮಿಂಗ್ ಮಾಡುವಾಕೆ. ಅವತ್ತೇ ಮಗಳ ಮನೆಗೆ ಹೋಗಿದ್ದಳು.

"ಬಿಲ್ಲು ಕೂಡಿಸಿ ಕೊಡೋ ಚನ್ನಗಿರಿ ಕೆಂಚೇಶ್ ಸರ್‌ಗೆ ಇವತ್ತೇ ಅಳತೆ ಕಳಿಸಬೇಕು. ಇಲ್ಲದಿದ್ರೆ ಹೊನ್ನಾಳಿ ಬಿಲ್ಲುಗಾರಿಕೆ ಸೆಲೆಕ್ಷನ್ನಿಗೆ ಬಿಲ್ಲು ಸಿಗಲ್ಲ. ಯಾಕ್ರೀ, ನಾನೇನು ಕಚ್ತೀನಾ?"

ಅವಳು ಗೋಡೆಗೆ ಮುಖ ಮಾಡಿ ಎರಡೂ ಕೈ ಚಾಚಿ ನಿಂತಳು. ಎದುರಿನ ಟೀ ಅಂಗಡಿಯಲ್ಲಿ ನಾಲ್ಕು ಜನ ಗ್ಲಾಸು ಹಿಡಿದು ಇತ್ತಲೇ ನೋಡುತ್ತಿದ್ದರು. ಟೇಪಿನ ಒಂದು ತುದಿಯನ್ನು ಅವಳ ಎಡಗೈಗೆ ಕೊಟ್ಟೆ. ಇನ್ನೊಂದನ್ನು ಹಿಡಿದು, ಅವಳ ಬೆನ್ನಿಗೆ ತಾಗದ ಹಾಗೆ ಒಂದು ಗೇಣು ದೂರದಿಂದ ಬಲಗಡೆಗೆ ನಡೆದೆ. ಟೇಪು ನಡುವೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತಿತ್ತು.

ಬಲಗೈಯ ನಡುಬೆರಳು ಮೊದಲ ಸಲ ಅಷ್ಟು ಹತ್ತಿರದಲ್ಲಿ ಕಂಡಿತು. ಉಗುರಿನ ಸಂದಿಯಲ್ಲಿ ಮೈದಾನಕ್ಕೆ ಗೆರೆ ಎಳೆದ ಸುಣ್ಣ. ಗೆಣ್ಣಿನ ಮೇಲೆ ಸಣ್ಣ ಹಳೇ ಗಾಯ. ಅವಳು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು. ತುಟಿಯ ಒಂದು ಮೂಲೆಯಲ್ಲಿ ನಗು.

"ಎಷ್ಟಾಯ್ತು?"

"ಅರವತ್ತೇಳೂವರೆ," ಅಂದುಬಿಟ್ಟೆ.

ಅವಳು ಮೊಬೈಲಿನಲ್ಲಿ ಭಾಗಿಸಿದಳು. "ಇಪ್ಪತ್ತೇಳು. ಕರೆಕ್ಟಾಗಿ ಬಂತು ನೋಡ್ರಿ. ಟೈಲರ್ ಅಂದ್ರೆ ಟೈಲರ್."

ಹತ್ತು ದಿನಕ್ಕೆ ಬಸ್ಸಿನಲ್ಲಿ ಬಿಲ್ಲು ಬಂತು. ಅವಳು ಸಂಜೆ ಹೊತ್ತು ಶಾಲೆ ಹಿಂದೆ ಗೋಣಿಚೀಲಗಳನ್ನು ಒಟ್ಟಿ ಬಾಣ ಬಿಡುತ್ತಿದ್ದಳು. ಆಮೇಲೆ ಒಂದು ದಿನ ಅಂಗಡಿಗೆ ಬಂದಾಗ ಎಡ ಮುಂಗೈಯ ಒಳಭಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಹೆದೆ ಬಡೀತೈತೆ," ಅಂದಳು. "ಹೊಸದಲ್ವಾ, ರೂಢಿ ಆಗಬೇಕು."

ವಾರ ಕಳೆಯುವಷ್ಟರಲ್ಲಿ ಹನುಮಂತಮ್ಮ ಸುದ್ದಿ ತಂದಳು. ಹೆದೆ ಟೀಚರಮ್ಮನ ಕೆನ್ನೆ ಸವರಿ ಕಿವಿಯೋಲೆ ಕಿತ್ತುಕೊಂಡು ಹೋಗಿದೆ, ಕಿವಿ ಹರಿದು ಹೊಲಿಗೆ ಹಾಕಿದ್ದಾರೆ. "ಇನ್ನೊಂದು ಎರಡು ಬೆರಳು ಮುಂದಕ್ಕಿದ್ರೆ ಕಣ್ಣೇ ಹೋಗಿರೋದು, ಮಾರಾಯ."

ಅವಳ ಉದ್ದ ತೋಳಿನ ಟಾಪ್ ಒಂದು ಅಳತೆಗೆಂದು ನನ್ನಲ್ಲೇ ಇತ್ತು. ಕತ್ತರಿಸುವ ಮೇಜಿನ ಮೇಲೆ ಅದರ ತೋಳೆರಡನ್ನೂ ಅಗಲಿಸಿ ಅಳೆದೆ. ಅಂಗೈಗೆ, ಬೆರಳಿಗೆ ಅಂತ ಎಷ್ಟು ಧಾರಾಳವಾಗಿ ಸೇರಿಸಿದರೂ ಅರವತ್ತೈದು ದಾಟಲಿಲ್ಲ. ಅಂದರೆ ನಾನು ಹೇಳಿದ್ದು ಎರಡೂವರೆ ಇಂಚು ಹೆಚ್ಚು, ಭಾಗಿಸಿದರೆ ಬಿಲ್ಲು ಒಂದು ಇಂಚು ಉದ್ದ ಕೂತಿದೆ. ಅವಳು ತನ್ನದಲ್ಲದ ಅಳತೆಗೆ ತೋಳು ಎಳೆದು ಎಳೆದು ಏಟು ತಿನ್ನುತ್ತಿದ್ದಾಳೆ.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಯಾಕೆ ತಪ್ಪಿತು ಅಂತ ಕೇಳುತ್ತಾಳೆ. ಅದಕ್ಕೆ ಉತ್ತರ ಒಂದೇ, ಅದನ್ನು ಹೇಳಿದ ಮೇಲೆ ಅವಳು ಈ ಮೆಟ್ಟಿಲು ಹತ್ತುವುದಿಲ್ಲ. ಎರಡು ದಿನ ಹಾಗೇ ಕಳೆದೆ. ಅವಳು ಮತ್ತೆ ಬಿಲ್ಲು ಎತ್ತಿದ್ದಾಳೋ ಏನೋ ಅನ್ನುವ ಭಯ ಒಂದು ಕಡೆ, ಬಾಯಿ ಬಿಡಬೇಕಲ್ಲ ಅನ್ನುವ ಭಯ ಇನ್ನೊಂದು ಕಡೆ. ನನ್ನಂಥ ಹೇಡಿ ಈ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಮೂರನೇ ದಿನ ಬೆಳಿಗ್ಗೆ ಅವಳೇ ಬಂದಳು. ಕಿವಿಗೆ ಪಟ್ಟಿ. ಕೈಯಲ್ಲಿ ಆ ಕಪ್ಪು ಬಿಲ್ಲು.

"ಇದಕ್ಕೊಂದು ಚೀಲ ಹೊಲಿದು ಕೊಡ್ರಿ. ವಾಪಸ್ ಕಳಿಸ್ತೀನಿ."

"ಹೊನ್ನಾಳಿಗೆ?"

"ಹೋಗಲ್ಲ." ಅವಳು ಮೇಜಿನ ಅಂಚನ್ನೇ ನೋಡುತ್ತಿದ್ದಳು. "ಎಳಿಯಾಕೆ ಹೋದ್ರೆ ಕಣ್ಣು ತಾನಾಗೇ ಮುಚ್ಕೊಂತೈತೆ. ಮಕ್ಕಳಿಗೆ ಹೆದರಬೇಡ್ರಿ ಅಂತ ದಿನಾ ಹೇಳೋಳು ನಾನು. ನನ್ನೊಳಗೇ ಧೈರ್ಯ ಇರ್ಲಿಲ್ಲ, ಈಗ ಗೊತ್ತಾಯ್ತು."

ಅವಳು ತನ್ನನ್ನೇ ಹಳಿದುಕೊಳ್ಳುವುದನ್ನು ಕೇಳಿ ನಿಲ್ಲಲಾಗಲಿಲ್ಲ.

"ಧೈರ್ಯ ನಿಮ್ಮಲ್ಲೈತೆ, ಟೀಚರ್. ಇಲ್ಲದಿರೋದು ನನ್ನಲ್ಲಿ," ಅಂದೆ. "ಅಳತೆ ತಪ್ಪೈತೆ, ಮೊನ್ನೆ ನಿಮ್ಮ ಟಾಪ್ ಅಳೆದಾಗ ಗೊತ್ತಾಯ್ತು. ನಾನು ಟೇಪ್ ನಿಮ್ಮ ಬೆನ್ನಿಗೆ ತಾಗಿಸಲಿಲ್ಲ. ಬೆರಳ ತುದಿಗೂ ಹಿಡಿಲಿಲ್ಲ. ಏನೋ ಒಂದು ಹೇಳಿಬಿಟ್ಟೆ."

ಬಾಗಿಲ ಬಳಿ ಹನುಮಂತಮ್ಮನ ಸೂಜಿ ನಿಂತಿತು.

"ಯಾಕೆ?"

"ಭಯ ಆಯ್ತು."

"ಜನಕ್ಕಾ?"

"ಜನಕ್ಕೂ ಹೌದು." ಅಲ್ಲಿಗೆ ನಿಲ್ಲಿಸಬಹುದಿತ್ತು. ಅರ್ಧ ಹೇಳಿ ಅರ್ಧ ನುಂಗಿದರೆ ಆ ಕಿವಿಯ ಪಟ್ಟಿ ಜನ್ಮಪೂರ್ತಿ ನನ್ನ ಕಣ್ಣಿಗೆ ಕಟ್ಟಿರುತ್ತದೆ ಅನ್ನಿಸಿತು. "ಎರಡು ವರ್ಷದಿಂದ ನಿಮ್ಮ ಮೇಲೆ ಮನಸೈತೆ ನಂಗೆ. ಮುಟ್ಟಿದ್ರೆ ಎಲ್ಲಿ ಗೊತ್ತಾಗಿಬಿಡ್ತೈತೋ ಅಂತ ಹೆದರಿದೆ. ಅದಕ್ಕೆ ನಿಮಗೆ ರಕ್ತ ಬಂತು."

ಅವಳ ಮುಖ ಕೆಂಪಾಯಿತು. ಸಿಟ್ಟೋ ಬೇರೆಯೋ ತಿಳಿಯಲಿಲ್ಲ.

"ನನ್ ಕಣ್ಣು ಹೋಗಿರೋದು," ಅಂದಳು ಮೆಲ್ಲಗೆ.

"ಹೂಂ."

"ಎರಡು ದಿನದಿಂದ ಗೊತ್ತಿತ್ತು ನಿಮಗೆ?"

"ಹೂಂ."

ಹನುಮಂತಮ್ಮ ಎದ್ದು ಬಂದು ನನ್ನ ಕೊರಳಿನ ಟೇಪಿಗೆ ಕೈ ಹಾಕಿದಳು. "ಕೊಡಪ್ಪ ಇತ್ಲಾಗೆ. ನಾ ತಗೊಂತೀನಿ, ಬಾರವ್ವ."

"ಬೇಡ, ಹನುಮಂತಮ್ಮ," ಅಂದಳು ಯಶೋಧರಾ. "ತಪ್ಪು ಮಾಡಿದೋರೇ ಸರಿ ಮಾಡ್ಲಿ."

ಮತ್ತೆ ಗೋಡೆಗೆ ಮುಖ ಮಾಡಿ ಕೈ ಚಾಚಿದಳು. ಟೀ ಅಂಗಡಿಯಲ್ಲಿ ಆವತ್ತೂ ಜನ ಇದ್ದರು. ನಾನು ಟೇಪಿನ ತುದಿಯನ್ನು ಅವಳ ಎಡ ನಡುಬೆರಳಿಗೆ ಒತ್ತಿ ಹಿಡಿಸಿದೆ. ಮುಂಗೈಯ ಕಲೆಯ ಹತ್ತಿರ ಕೈ ತಾನಾಗಿ ನಿಧಾನವಾಯಿತು. ಭುಜ, ಬೆನ್ನು, ಇನ್ನೊಂದು ಭುಜ, ಎಲ್ಲೂ ಸಡಿಲ ಬಿಡದೆ ಬಲಗೈಯ ತುದಿಗೆ ಬಂದೆ. ಅವಳ ಉಸಿರು ಏರಿ ಇಳಿಯುವುದು ಟೇಪಿನಲ್ಲೇ ಗೊತ್ತಾಗುತ್ತಿತ್ತು.

"ನಿಮ್ ಕೈ ನಡುಗ್ತೈತೆ."

"ನಡುಗ್ಲಿ. ಅಳತೆ ಸರಿ ಐತೆ. ಅರವತ್ತೈದು."

ಅವಳು ಬಿಲ್ಲು ಎತ್ತಿಕೊಂಡಳು. "ನಾಳೆ ಏಳು ಗಂಟೆ ಬಸ್ಸಿಗೆ ಬರ್ರಿ. ಕೆಂಚೇಶ್ ಸರ್ ಹತ್ರ ನೀವೇ ಹೇಳ್ರಿ, ಅಳತೆ ಯಾರು ತಪ್ಪಿಸಿದ್ದು ಅಂತ."

ನಾನು ಹೇಳಿದ ಇನ್ನೊಂದು ಮಾತಿಗೆ ಉತ್ತರ ಕೊಡಲಿಲ್ಲ. ಮರುದಿನ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿ ಮುಟ್ಟುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದಳು. ಬಿಲ್ಲು ನಮ್ಮಿಬ್ಬರ ನಡುವೆ ಸೀಟಿನ ಮೇಲಿತ್ತು. ಕ್ಷಮಿಸಲ್ಲ ಅನ್ನುವುದನ್ನು ಹೀಗೆ ಹೇಳುತ್ತಿದ್ದಾಳೆ ಅಂದುಕೊಂಡೆ.

ಕೆಂಚೇಶ್ ಹಳೇ ಬಿಲ್ಲುಗಾರ. ನಾನು ತಪ್ಪೊಪ್ಪಿಕೊಂಡಾಗ, "ಟೈಲರಾಗಿ ಹಿಂಗೆ ಮಾಡೋದಾ?" ಅಂತ ಉಗಿದರು. ಹೆದೆ ಸಡಿಲವಾಗಲು ಬಿಲ್ಲನ್ನು ಒತ್ತುಯಂತ್ರಕ್ಕೆ ಕೊಟ್ಟು, ಗಾಲಿ ಬಿಚ್ಚಿ ಇಪ್ಪತ್ತಾರು ಇಂಚಿಗೆ ಕೂಡಿಸಿದರು. ಹಿತ್ತಲಲ್ಲಿ ಗುರಿಹಲಗೆ ಇತ್ತು. "ಬಿಡಮ್ಮ ಒಂದು," ಅಂತ ಹೇಳಿ, ಫೋನ್ ಬಂತೆಂದು ಒಳಗೆ ಹೋದರು.

ಅವಳು ಬಾಣ ಹೂಡಿ ಹೆದೆ ಎಳೆದಳು. ಅಳತೆ ಇನ್ನೂ ತಪ್ಪಿದ್ದರೆ? ಹೆದೆ ಅವಳ ಕೆನ್ನೆಯ ಪಕ್ಕ ಬಂದು ನಿಂತಿತು. ಅವಳ ಕಣ್ಣು ಮುಚ್ಚಿಕೊಂಡವು. ಮೊಣಕೈ ಅದುರುತ್ತಿತ್ತು. ಬಾಣ ಬಿಡಲಾಗದೆ ನಿಧಾನವಾಗಿ ಹೆದೆಯನ್ನು ಮೊದಲಿದ್ದಲ್ಲಿಗೇ ತಂದಳು.

"ಭಯ ಆಗ್ತೈತೆ ಕಣ್ರೀ," ಅಂದಳು. ಬೆಳಗಿನಿಂದ ಆಡಿದ ಮೊದಲ ಮಾತು.

"ನಂಗೂ ಆಗ್ತೈತೆ."

"ಹಂಗಾದ್ರೆ ಇಲ್ಲೇ ಪಕ್ಕದಲ್ಲಿ ನಿಂತ್ಕೊಳ್ರಿ. ಇಬ್ಬರೂ ಹೆದರಾಣ."

ಹೋಗಿ ನಿಂತೆ. ಅವಳು ಮತ್ತೆ ಎಳೆದಳು. ಈ ಸಲ ಕಣ್ಣು ತೆರೆದಿತ್ತು. ನಾನು ಅವಳ ಮುಂಗೈಯನ್ನೇ ನೋಡುತ್ತಿದ್ದೆ. ಬಾಣ ಹೋಯಿತು. ಹೆದೆ ಎಲ್ಲೂ ತಾಗಲಿಲ್ಲ. ಅವಳು ತೋಳು ತಿರುಗಿಸಿ ನೋಡಿಕೊಂಡಳು, ಕಿವಿ ಮುಟ್ಟಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ಬಾಣ ಎಲ್ಲಿ ನಾಟಿತು ಅಂತ ಇಬ್ಬರೂ ನೋಡಲಿಲ್ಲ.

ಬಿಲ್ಲು ಕೆಳಗಿಳಿಸಿ, "ಅವತ್ತು ನೀವು ಟೇಪ್ ನೋಡ್ತಿರ್ಲಿಲ್ಲ. ನಂಗೆ ಗೊತ್ತಿತ್ತು," ಅಂದಳು.

"ಗೊತ್ತಿತ್ತಾ?"

"ನನ್ ಬೆರಳು ನೋಡ್ತಿದ್ರಿ. ಅಳತೆ ತಪ್ಪಿರ್ತೈತೆ ಅಂತ ಮಾತ್ರ ಅನ್ಕೊಂಡಿರ್ಲಿಲ್ಲ."

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ, ಟೀಚರ್?"

ಅವಳು ಇನ್ನೊಂದು ಬಾಣ ತೆಗೆದು ಹೆದೆಗೆ ಸಿಕ್ಕಿಸಿದಳು. ಮುಖ ನನ್ನ ಕಡೆ ತಿರುಗಿಸಲಿಲ್ಲ.

"ಹೇಳಿದ್ರೆ ಟೇಪ್ ನೋಡ್ತಿದ್ರಿ."