ಮೂರನೇ ಪೆಡಲ್

ಅಪ್ಪ ಕಟ್ಟಿದ ಗೇರ್‌ಬಾಕ್ಸ್ ಶೆಡ್ಡಿನ ಹಿಂದೆ ಕಳೆಗಿಡಗಳ ನಡುವೆ ಮಗುಚಿ ಬಿದ್ದಿದ್ದನ್ನು ಕಂಡ ದಿನ, ಭಾವನನ್ನು ಕೊಲ್ಲುವುದೆಂದು ಮೇಸ್ತ್ರಿ ತೀರ್ಮಾನಿಸಿದ. ತೀರ್ಮಾನ ಕೋಪದಲ್ಲಿ ಆಗಲಿಲ್ಲ. ಹನ್ನೆರಡು ವರ್ಷದಿಂದ ಹೊಟ್ಟೆಯಲ್ಲಿ ಉರಿದು ಉರಿದು ಕೋಪ ಎಂದೋ ಆರಿತ್ತು. ಉಳಿದದ್ದು ತಣ್ಣಗಿನ ದ್ವೇಷ, ಅದೂ ಅಳತೆಗೆ ಸಿಗುವಷ್ಟು ಗಟ್ಟಿಯಾದದ್ದು. ಹಿಂದಿನ ದಿನವಷ್ಟೇ ಆ ಗೇರ್‌ಬಾಕ್ಸನ್ನು ಅವನು ಕಾರಿನಿಂದ ಇಳಿಸಿ, ಒರೆಸಿ, ಹಲಗೆಯ ಮೇಲಿಟ್ಟು ಬಟ್ಟೆ ಹೊದಿಸಿದ್ದ. ಓಡಾಡಲು ಅಡ್ಡ ಅಂತ ಭಾವ ಅದನ್ನು ಎತ್ತಿಸಿ ಹೊರಗೆ ಉರುಳಿಸಿದ್ದ.

ಕಾರನ್ನು ಮನೆಯವರೆಲ್ಲ ‘ಹಡಗು’ ಅನ್ನುತ್ತಿದ್ದರು. ಆರು ಮೀಟರ್ ಉದ್ದ, ಮೂವರು ಆರಾಮಾಗಿ ಕೂರುವ ಮುಂದಿನ ಸೀಟು, ಸ್ಟೇರಿಂಗ್ ಕಂಬದಲ್ಲೇ ಗೇರಿನ ಕಡ್ಡಿ. ಗುಜರಿಗೆ ಹೊರಟಿದ್ದ ಅದನ್ನು ಅಪ್ಪ ಎಳೆತಂದು ನಾಲ್ಕು ವರ್ಷ ಕೂತು ಎಬ್ಬಿಸಿದ್ದ. ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ್ದ. ಕೊನೆಯ ಸಲ ಕಟ್ಟುವಾಗ ಅವನ ಕೈ ನಡುಗುತ್ತಿತ್ತು, ಬೋಲ್ಟುಗಳನ್ನು ಮೇಸ್ತ್ರಿಯೇ ಹಿಡಿದುಕೊಂಡಿದ್ದ. ಅಪ್ಪ ಸಾಯುವಾಗ ಕಾರು ಅಕ್ಕನಿಗೆ ಅಂದ. ಅಕ್ಕನ ಜೊತೆಗೆ ಅದು ಭಾವನದಾಯಿತು, ಆಮೇಲೆ ಶೆಡ್ಡು ಭಾವನದಾಯಿತು, ಬೋರ್ಡಿನ ಮೇಲಿನ ಹೆಸರೂ ಭಾವನದೇ ಆಯಿತು. ದುಡಿಯುವ ಕೈ ಮಾತ್ರ ಮೇಸ್ತ್ರಿಯದು. ಪತ್ರಿಕೆಯವರು ಬಂದಾಗ ಭಾವ ಸ್ಪ್ಯಾನರನ್ನು ಪಾಯಸದ ಸೌಟಿನ ಹಾಗೆ ಹಿಡಿದು ಫೋಟೊಗೆ ನಿಲ್ಲುತ್ತಿದ್ದ. ಆ ಮನುಷ್ಯನಿಗೆ ಗಾಡಿ ಓಡಿಸಲೂ ಸರಿಯಾಗಿ ಬರುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ ಬ್ರೇಕಿನ ಲೈನಿಂಗ್ ತಿಂದು ಹಾಕುತ್ತಿದ್ದ, ಮೇಸ್ತ್ರಿ ಬಯ್ದುಕೊಂಡೇ ಬದಲಾಯಿಸುತ್ತಿದ್ದ.

ಹಳೆಯ ಕಾರುಗಳ ಪ್ರದರ್ಶನದಲ್ಲಿ ಯಾರೋ ಒಬ್ಬ ನಕ್ಕುಬಿಟ್ಟಿದ್ದ. “ಆಟೋಮ್ಯಾಟಿಕ್ಕಾ? ಹಾಗಾದ್ರೆ ಅದೇ ಓಡುತ್ತೆ, ನೀವು ಸುಮ್ನೆ ಕೂತಿರ್ತೀರಿ ಅನ್ನಿ.” ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಭಾವ ಶೆಡ್ಡಿಗೆ ಬಂದವನೇ, “ಅದನ್ನ ಕಿತ್ತು ಹಾಕು. ಕ್ಲಚ್ಚು ಗೇರು ಇರೋ ಗಾಡಿ ಮಾಡಿಕೊಡು,” ಅಂದ.

“ಅದು ಅಪ್ಪ ಕೈಯಾರೆ ಕಟ್ಟಿದ್ದು, ಭಾವ.”

“ನಿಮ್ಮಪ್ಪ ಕಟ್ಟಿದ್ದು ನಿಮ್ಮಪ್ಪನ ಕಾಲಕ್ಕಾಯ್ತು. ನಿನ್ನ ಕೈಲಿ ಆಗುತ್ತೋ ಇಲ್ವೋ ಅಷ್ಟು ಹೇಳು. ಆಗಲ್ಲ ಅಂದ್ರೆ ಮಾಡೋರು ಬೇಕಾದಷ್ಟು ಜನ ಇದಾರೆ.”

ಆಗುತ್ತೆ ಅಂದ ಮೇಸ್ತ್ರಿ. ಕಳೆಗಿಡದ ನಡುವಿನಿಂದ ಅಪ್ಪನ ಗೇರ್‌ಬಾಕ್ಸನ್ನು ಎತ್ತಿ ತರುವಾಗ, ಆ ಕೆಲಸದೊಳಗೇ ಇನ್ನೊಂದು ಕೆಲಸ ಮುಗಿಯುತ್ತದೆ ಅನ್ನುವುದು ಅವನಿಗೆ ಹೊಳೆಯಿತು.

ಶೆಡ್ಡು ಇದ್ದದ್ದು ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಕ್ವಾರಿಯ ಅಂಚಿನಲ್ಲಿ. ಅಂಗಳದ ಮೇಲ್ತುದಿಯಲ್ಲಿ ಕ್ವಾರಿಯ ಬಾಯಿ, ಅದರೊಳಗೆ ಹತ್ತಾಳುದ್ದ ಕಪ್ಪು ನೀರು. ಅಲ್ಲಿಂದ ಅಂಗಳ ಇಳಿಜಾರಾಗಿ ಶೆಡ್ಡಿನ ಬಾಗಿಲಿಗೆ ಬರುತ್ತಿತ್ತು. ಹಡಗು ಸದಾ ಮೇಲ್ತುದಿಯಲ್ಲಿ ನಿಲ್ಲುತ್ತಿತ್ತು, ಬೆನ್ನು ಕ್ವಾರಿಗೆ, ಮುಖ ಶೆಡ್ಡಿಗೆ; ಬಂದವರ ಕಣ್ಣಿಗೆ ಮೊದಲು ಅದೇ ಬೀಳಲಿ ಅಂತ ಭಾವನ ಏರ್ಪಾಡು. ಹಿಂದಿನ ಚಕ್ರಕ್ಕೆ ತಾಗಿ ಮೂರು ಸಿಮೆಂಟಿನ ದಿಮ್ಮಿಗಳು. ಅವುಗಳ ಆಚೆ ನಾಲ್ಕು ಹೆಜ್ಜೆ ನೆಲ, ಆಮೇಲೆ ಬರೀ ಗಾಳಿ.

ಭಾವ ಕಾರು ಶುರುಮಾಡುವುದನ್ನು ಮೇಸ್ತ್ರಿ ಹನ್ನೆರಡು ವರ್ಷ ನೋಡಿದ್ದ. ಬಾಗಿಲು ದಡಾರನೆ ಎಳೆದುಕೊಳ್ಳುವುದು, ಕನ್ನಡಿಯಲ್ಲಿ ಕ್ರಾಪು ನೋಡಿಕೊಳ್ಳುವುದು, ಕಡ್ಡಿ ಮೇಲೆ ಇದೆಯಾ ಅಂತ ಬೆರಳಲ್ಲಿ ಒಮ್ಮೆ ಮುಟ್ಟುವುದು, ಕೀಲಿ ತಿರುಗಿಸುವುದು. ಆಟೋಮ್ಯಾಟಿಕ್ಕಿನಲ್ಲಿ ಕಡ್ಡಿಯನ್ನು ತನ್ನ ಕಡೆ ಎಳೆದು ಮೇಲೆತ್ತಿಟ್ಟರೆ ಕಾರು ಬೀಗ ಹಾಕಿದ ಹಾಗೆ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕನ್ನು ಭಾವ ಜನ್ಮದಲ್ಲಿ ಮುಟ್ಟಿದವನಲ್ಲ. ಆ ಕೈಗಳ ಅಭ್ಯಾಸ ಮೇಸ್ತ್ರಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು.

ಮೇಸ್ತ್ರಿ ಆರಿಸಿಕೊಂಡದ್ದು ಮೂರು ಗೇರಿನ, ಕಂಬದ ಮೇಲೆಯೇ ಕಡ್ಡಿ ಬರುವ ಹಳೆಯ ಗೇರ್‌ಬಾಕ್ಸು. ಕಾರಿನ ಒಳಗಿನ ಚೆಂದ ಕೆಡುವುದಿಲ್ಲ ಅಂದಾಗ ಭಾವ ಹಿಗ್ಗಿ ಹೀರೇಕಾಯಿಯಾದ. ಆದರೆ ಈ ಗೇರ್‌ಬಾಕ್ಸಿನಲ್ಲಿ ಕಡ್ಡಿಯನ್ನು ತನ್ನ ಕಡೆ ಎಳೆದು ಮೇಲೆತ್ತಿದರೆ ಬೀಳುವುದು ರಿವರ್ಸ್. ಅದೇ ಜಾಗ, ಅದೇ ಕಡ್ಡಿ. ಹಳೆಯದರಲ್ಲಿ ಕಡ್ಡಿ ಬೇರೆ ಗೇರಿನಲ್ಲಿದ್ದರೆ ಎಂಜಿನ್ ಶುರುವೇ ಆಗದಂತೆ ತಡೆಯುವ ಒಂದು ಸಣ್ಣ ಸ್ವಿಚ್ಚಿತ್ತು. ಹೊಸದರಲ್ಲಿ ಅದಕ್ಕೆ ಜಾಗವಿಲ್ಲ. ಇಂಥ ಕೆಲಸ ಮಾಡುವ ಯಾವ ಗ್ಯಾರೇಜಿನಲ್ಲಾದರೂ ಮಾಡುವಂತೆ ಅವನು ಎರಡು ತಂತಿಗಳನ್ನು ಸೇರಿಸಿ ಟೇಪು ಸುತ್ತಿದ. ಇನ್ನು ರಿವರ್ಸಿನಲ್ಲಿದ್ದಾಗ ಕೀಲಿ ತಿರುಗಿಸಿದರೂ ಎಂಜಿನ್ ಏಳುತ್ತದೆ, ಏಳುತ್ತಲೇ ಕಾರು ಹಿಂದಕ್ಕೆ ನೆಗೆಯುತ್ತದೆ. ನಾಲ್ಕೇ ಹೆಜ್ಜೆ.

ಯೋಜನೆಯ ಸೊಗಸು ಇದ್ದದ್ದು ಇಲ್ಲೇ. ಅದರಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲ. ಕತ್ತರಿಸಿದ ಬ್ರೇಕ್ ಪೈಪು, ಸಡಿಲ ಮಾಡಿದ ಬೋಲ್ಟು, ಅಂಥ ದಡ್ಡರ ಕೆಲಸ ಒಂದೂ ಇಲ್ಲ. ನೀರಿನಿಂದ ಕಾರು ಎತ್ತಿ ಯಾವ ಪರೀಕ್ಷಕ ಬೇಕಾದರೂ ಒಂದೊಂದು ತಿರುಪು ಬಿಚ್ಚಿ ನೋಡಲಿ, ಸಿಗುವುದು ಅಚ್ಚುಕಟ್ಟಾದ ಕೆಲಸ. ಪಾಪ, ಹಳೇ ಅಭ್ಯಾಸ ಮುಳುಗಿಸ್ತು ಅನ್ನುತ್ತಾರೆ, ಫೈಲು ಮುಚ್ಚುತ್ತಾರೆ.

ಮೂರು ವಾರ ಅವನು ಮೈಮರೆತು ದುಡಿದ. ಫ್ಲೈವೀಲ್ ಕೂರಿಸಿದ, ಕ್ಲಚ್ ಪ್ಲೇಟು ಕೂರಿಸಿದ, ಉದ್ದದ ಶಾಫ್ಟನ್ನು ಅಳತೆಗೆ ಕತ್ತರಿಸಿ ಬೆಸೆದ. ಪೆಡಲುಗಳ ಕೆಲಸ ಕೊನೆಗೆ ಬಂತು. ಹಡಗಿನ ಬ್ರೇಕ್ ಪೆಡಲ್ ಎರಡೂ ಪಾದ ಅಕ್ಕಪಕ್ಕ ಇಡುವಷ್ಟು ಅಗಲವಾಗಿತ್ತು. ಅದರ ಎಡ ಅರ್ಧವನ್ನು ಕೊಯ್ದು ಬಲ ಅರ್ಧವನ್ನಷ್ಟೇ ಬ್ರೇಕಿಗೆ ಉಳಿಸಿ, ಖಾಲಿಯಾದ ಎಡ ಜಾಗದಲ್ಲಿ ಕ್ಲಚ್ ಪೆಡಲನ್ನು ತೂಗುಹಾಕಿದ. ಹಳೆಯ ಪೆಡಲಿನ ರಬ್ಬರು ಇಡಿಯಾಗಿ ಕಳಚಿ ಬಂತು. ಬಿಸಾಡಲು ಮನಸ್ಸಾಗದೆ ಅದನ್ನು ಬೆಂಚಿನ ಮೇಲೆ ಹಾಸಿಕೊಂಡ. ಹೊಳಪು ಕೊಡುವ ಸಾಮಾನಿಗೆ ಗೀರು ಬೀಳದಿರಲು ಒಳ್ಳೆಯ ಮೆತ್ತೆ.

ಹಳೆಯ ಕಾರುಗಳ ಇನ್ನೊಂದು ಪ್ರದರ್ಶನವಿತ್ತು; ಅದರ ಹಿಂದಿನ ಸಂಜೆ ಅವನು ಬೇಕೆಂತಲೇ ಅಕ್ಕನನ್ನೂ ಕರೆಸಿ, ಅವಳ ಎದುರೇ ಭಾವನಿಗೆ ಪಾಠ ಹೇಳಿದ.

“ಕಡ್ಡಿ ಮೇಲಿದ್ರೆ ಈಗ ರಿವರ್ಸು, ಭಾವ. ಮೊದಲಿನ ಹಾಗಲ್ಲ. ಸ್ಟಾರ್ಟ್ ಮಾಡೋ ಮುಂಚೆ ಕ್ಲಚ್ ತುಳೀಬೇಕು. ಕ್ಲಚ್ ತುಳಿದಾಗ ಎಂಜಿನ್‌ಗೂ ಚಕ್ರಕ್ಕೂ ಸಂಬಂಧ ಇರಲ್ಲ, ಗಾಡಿ ಬಿಟ್ಟ ಹಾಗೆ ಇರುತ್ತೆ.”

“ನಂಗೇ ಹೇಳಿಕೊಡ್ತೀಯಾ?” ಭಾವ ಬಾನೆಟ್ಟಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ. “ನೀನು ಚಡ್ಡಿ ಹಾಕ್ಕೊಂಡಿದ್ದಾಗ್ಲೇ ನಾನು ಲಾರಿ ಓಡಿಸಿದೋನು.”

ಭಾವ ಲಾರಿ ಹತ್ತಿದ್ದರೆ ಮನೆ ಬದಲಾಯಿಸುವಾಗ ಸಾಮಾನಿನ ಮೇಲೆ ಕೂರಲು ಅಷ್ಟೇ. ಆಟೋಮ್ಯಾಟಿಕ್ ಬಿಟ್ಟು ಬೇರೊಂದನ್ನು ಅವನು ಓಡಿಸಿಲ್ಲವೆಂದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಯೋಜನೆಯ ಬುಡವೇ ಅದು.

“ಸ್ವಲ್ಪ ಕೇಳಿಸ್ಕೊಳ್ರೀ, ಅವನು ಹೇಳ್ತಿರೋದು ನಿಮ್ಮ ಒಳ್ಳೇದಕ್ಕೇ,” ಅಂದಳು ಅಕ್ಕ. ಆಮೇಲೆ ತಮ್ಮನ ಕಡೆ ತಿರುಗಿ, “ಊಟ ನಿದ್ದೆ ಬಿಟ್ಟು ಮಾಡಿದೀಯ ಕಣೋ. ಅಪ್ಪ ಇದ್ದಿದ್ರೆ ನೋಡಿ ಖುಷಿಪಡ್ತಿದ್ರು,” ಅಂದಳು.

ಅವಳ ಮುಖ ನೋಡಲು ಮೇಸ್ತ್ರಿಗೆ ಕ್ಷಣ ಕಷ್ಟವಾಯಿತು. ಅತ್ತು ಸುಧಾರಿಸಿಕೊಳ್ಳುತ್ತಾಳೆ, ಆಮೇಲೆ ಅವಳಿಗೂ ನೆಮ್ಮದಿ ಅಂತ ತನಗೆ ತಾನೇ ಹೇಳಿಕೊಂಡ. ಒಂದು ವಿಷಯ ಮಾತ್ರ ಖಚಿತವಾಗಿತ್ತು: ತಾನು ಎಚ್ಚರಿಸಿದ್ದಕ್ಕೆ ಈಗ ಸಾಕ್ಷಿ ಇತ್ತು.

ಮರುದಿನ ಬೆಳಿಗ್ಗೆ ಬೇಗ ಬಂದ ಮೇಸ್ತ್ರಿ, ಮಳೆನೀರಿನ ಪೈಪು ಹಾಕಬೇಕು ಅನ್ನುವ ನೆಪದಲ್ಲಿ ಸಿಮೆಂಟಿನ ದಿಮ್ಮಿಗಳನ್ನು ಪಕ್ಕಕ್ಕೆ ಸರಿಸಿದ. ಹಡಗನ್ನು ತಾನೇ ಮೇಲೆ ಒಯ್ದು, ಬೆನ್ನು ಕ್ವಾರಿಗೆ ಮಾಡಿ, ರಿವರ್ಸಿನಲ್ಲಿ ನಿಲ್ಲಿಸಿ ಇಳಿದ. ಇಳಿಜಾರಿನಲ್ಲಿ ಗಾಡಿಯನ್ನು ಗೇರಿನಲ್ಲೇ ನಿಲ್ಲಿಸುವುದು ಎಲ್ಲ ಮೇಸ್ತ್ರಿಗಳ ಪದ್ಧತಿ, ಯಾರು ಕೇಳಿದರೂ ಹೇಳಬಹುದು. ಹ್ಯಾಂಡ್‌ಬ್ರೇಕ್ ಹಾಕಲಿಲ್ಲ. ಆ ಎರಡು ಟನ್ ಕಬ್ಬಿಣವನ್ನು ಈಗ ಹಿಡಿದು ನಿಲ್ಲಿಸಿದ್ದು ಆ ಒಂದು ಗೇರು ಮಾತ್ರ.

ಆಮೇಲೆ ಶೆಡ್ಡಿನೊಳಗೆ ಬಂದು ತನ್ನ ಜಾಗವನ್ನು ಆರಿಸಿಕೊಂಡ. ಬಾಗಿಲಿಗೆ ನೇರ ಎದುರಿನ ಗೋಡೆಗೆ ಕೆಲಸದ ಬೆಂಚು. ಅಲ್ಲಿ ಅಂಗಳಕ್ಕೆ ಬೆನ್ನು ಹಾಕಿ ನಿಂತರೆ, ಏಣಿಯ ಮೇಲೆ ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಅವನನ್ನು ಪೂರ್ತಿ ಹೊತ್ತು ನೋಡುತ್ತಿರುತ್ತಾನೆ. ಬಲಕ್ಕೆ ನೆಲಕ್ಕೆ ಬಿಗಿದ ಲೇತ್ ಯಂತ್ರ. ಎಡಕ್ಕೆ, ತೊಳೆದು ಒರೆಸಿ ಸ್ಟ್ಯಾಂಡಿನ ಮೇಲೆ ಎತ್ತಿಟ್ಟ ಅಪ್ಪನ ಗೇರ್‌ಬಾಕ್ಸು. ಅಪ್ಪನೂ ಪಕ್ಕದಲ್ಲಿ ನಿಂತು ಕೇಳಲಿ ಅನ್ನುವ ಆಸೆ ಅದು.

“ಭಾವ ಹೊರಟ್ರೇನೋ,” ಅಂದ ಪೇಂಟರ್. “ಕೋಟು ಗೀಟು ಜೋರಾಗಿದೆ.”

“ಹೋಗ್ಲಿ ಬಿಡು,” ಅಂದ ಮೇಸ್ತ್ರಿ. ಕಾರಿನ ಹಳೆಯ ಲೋಹದ ಬಿಲ್ಲೆಯನ್ನು ರಬ್ಬರಿನ ಮೆತ್ತೆಯ ಮೇಲಿಟ್ಟು ಉಜ್ಜತೊಡಗಿದ.

ಬಾಗಿಲು ದಡಾರಂತು. ಆಮೇಲೆ ಸ್ವಲ್ಪ ಮೌನ, ಕ್ರಾಪು ನೋಡಿಕೊಳ್ಳುತ್ತಿದ್ದಾನೆ. ಈಗ ಕಡ್ಡಿ ಮುಟ್ಟುತ್ತಾನೆ. ಈಗ ಕೀಲಿ. ಮೇಸ್ತ್ರಿ ಚಕ್ರದ ಕಿರಿಚು, ನೀರಿನ ಸದ್ದು ಎರಡಕ್ಕೂ ಕಿವಿ ತೆರೆದುಕೊಂಡ. ಬಂದದ್ದು ಅವೆರಡೂ ಅಲ್ಲ. ಮೊದಲು ಜಲ್ಲಿಕಲ್ಲು ಮೆಲ್ಲಗೆ ಕರಕರ ಅಂದಿತು. ಆಮೇಲೆ ಸ್ಟಾರ್ಟರ್ ಯಾವ ತೊಡಕೂ ಇಲ್ಲದೆ ಹಗುರವಾಗಿ ತಿರುಗಿತು, ಎಂಜಿನ್ ಎದ್ದಿತು. ಅಷ್ಟು ಹಗುರವಾಗಿ ತಿರುಗಬೇಕಾದರೆ ಯಾರೋ ಕ್ಲಚ್ ತುಳಿದಿರಬೇಕು. ಇಷ್ಟು ವರ್ಷದಲ್ಲಿ ಇದೊಂದೇ ಸಲ ಭಾವ ತನ್ನ ಮಾತು ಕಿವಿ ಮೇಲೆ ಹಾಕಿಕೊಂಡನೇ?

ಕರಕರ ಸದ್ದು ನಿಲ್ಲಲಿಲ್ಲ. ಜೋರಾಯಿತು, ಹತ್ತಿರವಾಯಿತು. ಅದರ ನಡುವೆ ಭಾವನ ದನಿ ಗಂಟಲು ಸೀಳಿ ಬಂತು. “ಬ್ರೇಕ್ ತುಳಿದಷ್ಟೂ ಓಡ್ತಿದೆ ಕಣೋ, ಪಕ್ಕಕ್ಕೆ ಹೋಗೋ.”

ಪಕ್ಕದಲ್ಲಿ ಒಂದು ಕಡೆ ಲೇತ್, ಇನ್ನೊಂದು ಕಡೆ ಅಪ್ಪ. ಮೇಸ್ತ್ರಿ ಬೆಂಚಿಗೆ ಎರಡೂ ಕೈ ಊರಿದ, ಆಗ ಅಂಗೈ ಕೆಳಗಿನ ಹಳೆಯ ಪೆಡಲ್ ರಬ್ಬರು ಅವನ ಕಣ್ಣಿಗೆ ಬಿತ್ತು. ಕಳಚಿದಂದಿನಿಂದ ಅದರ ಮೇಲೆ ಕೆಲಸ ಮಾಡಿದ್ದ, ಒಮ್ಮೆಯೂ ನೋಡಿರಲಿಲ್ಲ. ಬಲ ಅರ್ಧದಲ್ಲಿ ಗೆರೆಗಳು ನಿನ್ನೆ ಅಚ್ಚು ಹಾಕಿದಂತೆ ಹಾಗೇ ಎದ್ದು ನಿಂತಿದ್ದವು. ಎಡ ಅರ್ಧ, ಈಗ ಕ್ಲಚ್ ಇರುವ ಜಾಗ, ಸವೆದು ಸವೆದು ಬೋಳಾಗಿತ್ತು. ಹನ್ನೆರಡು ವರ್ಷ ಅವನು ನೋಡಿದ್ದು ಭಾವನ ಕೈಗಳನ್ನು. ಭಾವ ಬ್ರೇಕ್ ತುಳಿಯುತ್ತಿದ್ದದ್ದು ಎಡಗಾಲಿನಲ್ಲಿ.