ಮರದ ಆಚೆ ಬದಿ

2024ರ ಮೇ 11, ಶನಿವಾರ, ಬೆಳಿಗ್ಗೆ 9-20. ಚುನಾವಣೆಯ ಬಂದೋಬಸ್ತು ಮುಗಿದು ನಾಲ್ಕು ದಿನವಾಗಿದ್ದರೂ ಆಳಂದ ಠಾಣೆಯ ಮೂಲೆಯಲ್ಲಿ ಲಾಠಿಗಳ ರಾಶಿ ಹಾಗೇ ಬಿದ್ದಿತ್ತು. ಅಫಜಲಪುರದಿಂದ ಮೊದಲ ಬಸ್ಸಿಗೆ ಬಂದ ಸುಲ್ತಾನಬಿ, ಪಿಎಸ್‌ಐ ಅಮರನಾಥನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಳು.

"ನಮ್ಮನ್ಯಾವರು ಮುಸ್ತಕೀಮ ಅಂತ್ರಿ. ಗುರುವಾರ ಮುಂಜಾನಿ ಟೆಂಪೊ ತಗೊಂಡು ಹೋದವ್ರು ಬಂದಿಲ್ರಿ. ಫೋನ್ ಬಂದ್ ಐತಿ."

"ಡಬ್ಬ್ಯಾಗ ಏನೈತಿ?"

"ಶುಗರ್ ಸೂಜಿರಿ. ದಿನಾ ಎರಡು ಬೇಕು. ಮರ್ತು ಹೋಗ್ಯಾರ."

"ಟೆಂಪೊದಾಗ ಏನು ಹೇರ್ಕೊಂಡು ಹೋಗಿದ್ರು?"

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಸಂಘಮಿತ್ರಾ ಸುಲ್ತಾನಬಿಯ ಬೆರಳುಗಳನ್ನೇ ನೋಡುತ್ತಿದ್ದಳು. ಅವು ಓಢಣಿಯ ಅಂಚನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು. ಸಂಘಮಿತ್ರಾ ಮಾತಿನವಳಲ್ಲ. ಒಂದು ಲೋಟ ನೀರು ತಂದು ಎದುರಿಗಿಟ್ಟಳು. ಅರ್ಧ ಕುಡಿದ ಮೇಲೆ ಹೆಂಗಸು ತಾನಾಗಿ ಹೇಳಿದಳು.

"ಹೊರದೇಶದ ಓತಿಕ್ಯಾತರಿ. ಕಳ್ಳಮಾಲು. ಎಂಟು ತಿಂಗಳ ಹಿಂದ ತಂದು ಕಿಣ್ಣಿ ಸುಲ್ತಾನದಾಗ ಅಂಬಾರಾಯ ಅನ್ನೋರ ಹತ್ರ ಸಾಕಾಕ ಬಿಟ್ಟಿದ್ರು. ಗಿರಾಕಿ ಸಿಕ್ಕಾರ, ವಾಪಸ್ ತರ್ತೇನಿ ಅಂತ ಹೋದ್ರು. ಅವರ ಮ್ಯಾಲೆ ಕೇಸ್ ಹಾಕ್ರಿ, ಜೇಲಿಗೆ ಹಾಕ್ರಿ. ಜೀವಂತ ತಂದು ಹಾಕ್ರಿ ಸಾಹೇಬ್ರ."

10-05ಕ್ಕೆ ಎಫ್‌ಐಆರ್ ದಾಖಲಾಯಿತು. 11-40ಕ್ಕೆ ಭೂಸನೂರಿನ ಸಕ್ಕರೆ ಕಾರ್ಖಾನೆಯ ರಸ್ತೆ ಬದಿ, ಹಂಗಾಮು ಮುಗಿದು ನಿಂತ ಕಬ್ಬಿನ ಲಾರಿಗಳ ನಡುವೆ ಟೆಂಪೊ ಸಿಕ್ಕಿತು. ಸೀಟಿನ ಕೆಳಗೆ ಇಪ್ಪತ್ತು ಕಾಲುಚೀಲಗಳಿದ್ದವು, ಅವುಗಳ ಬಾಯಿ ಹೊಲಿಯಲು ಸೂಜಿ-ದಾರವೂ ಇತ್ತು. ಎಲ್ಲವೂ ಖಾಲಿ.

12-30ಕ್ಕೆ ಜೀಪು ಕಿಣ್ಣಿ ಸುಲ್ತಾನದ ಹೊರಗೆ, ಹೊಲದಲ್ಲಿದ್ದ ಒಂಟಿ ಮನೆಯ ಮುಂದೆ ನಿಂತಿತು. ಮುಂಬಾಗಿಲಿಗೆ ಬೀಗ. ಹಿಂಗೋಡೆಗೆ ತೊಗರಿಕಟ್ಟಿಗೆಯ ದೊಡ್ಡ ಒಟ್ಟಲು. ಪಕ್ಕದ ಹೊಲದ ಗಂಗಾಬಾಯಿ ಸೆರಗನ್ನು ತಲೆಯ ಮೇಲೆಳೆದುಕೊಳ್ಳುತ್ತ ಬಂದಳು.

"ಅಂಬಾರಾಯ ಎಲ್ಲಿ?"

"ಸೊಲ್ಲಾಪುರಕ್ಕ ಹೋಗ್ತೇನಂದ್ರಿ ನಿನ್ನೆ. ಹಿಂದಿಲ್ಲ ಮುಂದಿಲ್ಲ ಅವಗ. ಕಾಲೇಜಿನ ಲ್ಯಾಬಿನಾಗ ಸೀಸೆ ತೊಳದು ರಿಟೈರ್ ಆದಾಂವ. ಆ ಖೋಲ್ಯಾಗ ಮಳಿ ಬರ್ತದ್ರಿ ಸಾಹೇಬ್ರ."

"ಖೋಲ್ಯಾಗ ಮಳಿ? ಏನ್ ಕುಡದೀ ಬೇ?"

"ನಿಮ್ಮಪ್ಪನಾಣಿ. ಊರಿಗೆ ಬಿಟ್ಟು ಅವನಿಗಷ್ಟ ಮಳಿ. ಒಮ್ಮೆ ಒಳಗ ಕರದಿದ್ದ. ಮುಳ್ಳಿನ ಜುಟ್ಟದ ಪ್ರಾಣಿ, ನೆಟ್ಟಗ ನೋಡ್ತಾವ. ನಾ ಈ ಕಡೆ ನಿಂತ್ರ ಮರದ ಆ ಕಡೆ ಸರಿತಾವ, ಆ ಕಡೆ ಹೋದ್ರ ಈ ಕಡೆ. ಸಪ್ಪಳಿಲ್ಲ. ಎರಡು ದಿನ ಊಟ ಸೇರ್ಲಿಲ್ಲ ನನಗ."

ಗಂಗಾಬಾಯಿಯನ್ನೂ ಇನ್ನೊಬ್ಬ ರೈತನನ್ನೂ ಪಂಚರನ್ನಾಗಿ ಮಾಡಿಕೊಂಡು 1-10ಕ್ಕೆ ಬೀಗ ಒಡೆದರು.

ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಒಳಗೆ ಕಾಲಿಟ್ಟ ಸಂಘಮಿತ್ರಾಳ ಮೈ ಜುಂ ಎಂದಿತು. ಕತ್ತಲು ಖೋಲಿ, ಹಸಿ ಮಣ್ಣಿನ ವಾಸನೆ, ಎಲೆಗಳಿಂದ ತಟಕ್, ತಟಕ್ ಎಂದು ನೀರು. ಛಾವಣಿಗೆ ತೂತು ಕೊರೆದ ಪೈಪುಗಳು. ನಟ್ಟನಡುವೆ ಸಿಮೆಂಟಿನಲ್ಲಿ ನಿಲ್ಲಿಸಿದ ನಾಲ್ಕು ಮರದ ಬೊಡ್ಡೆಗಳು, ಅವುಗಳ ಹಿಂದೆ ಗೋಡೆಯುದ್ದಕ್ಕೂ ಹಲಗೆಯ ತಡಿಕೆ. ಪ್ರತಿ ಬೊಡ್ಡೆಗೂ ಒಂದು ಚೀಟಿ. ಅಮರನಾಥ ಟಾರ್ಚು ಹಿಡಿದು ಓದಿದ: "ಗೊನೊಸೆಫಾಲಸ್ ಗ್ರಾಂಡಿಸ್, ಸುಮಾತ್ರಾ. ಗೊನೊಸೆಫಾಲಸ್ ಡೊರಿಯೆ, ಬೋರ್ನಿಯೊ. ಗೊನೊಸೆಫಾಲಸ್ ಬೆಲ್ಲಿ... ಒಂದೇ ಮನೆತನ, ಬೇರೆ ಬೇರೆ ಮಕ್ಕಳು."

ಅವು ಕಂಡವು. ಮೊಳದುದ್ದದ ಹಸಿರು ಮೈ, ಕುತ್ತಿಗೆಯಿಂದ ಬೆನ್ನಿಗೆ ಗರಗಸದಂಥ ಮುಳ್ಳು. ಬೊಡ್ಡೆಗೆ ಅಂಟಿಕೊಂಡು, ಉಸಿರೂ ಇಲ್ಲವೇನೋ ಎಂಬಂತೆ ಇದ್ದವು. ಹನ್ನೊಂದು ಎಣಿಸಿ ಪಂಚನಾಮೆಯಲ್ಲಿ ಬರೆದರು. ಮನುಷ್ಯರ ಸುಳಿವಿಲ್ಲ.

"ಸೊಲ್ಲಾಪುರ ಪೊಲೀಸರಿಗೆ ಫೋನ್ ಹಚ್ರಿ," ಅಂದ ಅಮರನಾಥ. "ಅರಣ್ಯದವರು ಬರೋತನ ಬಾಗಿಲಿಗೆ ಸೀಲ್ ಹಾಕೋಣ. ನಡೀರಿ."

ಸಂಘಮಿತ್ರಾ ಕದಲಲಿಲ್ಲ. ನಿನ್ನೆಯಿಂದ ಊರಲ್ಲಿ ಕರೆಂಟಿಲ್ಲ, ಪೈಪಿಗೆ ನೀರೆತ್ತುವ ಮೋಟರು ನಡೆದಿರಲಾರದು. ಎಲೆಗಳು ಮಾತ್ರ ಈಗಷ್ಟೇ ನೆನೆದಂತಿವೆ. ಇನ್ನೊಂದೇನೋ ಸರಿಯಿಲ್ಲ. ಚಿಕ್ಕಂದಿನಲ್ಲಿ ಬೇವಿನ ಮರದ ಓತಿಕ್ಯಾತದ ಹಿಂದೆ ಅವಳೂ ಸುತ್ತಿದವಳು. ಎಷ್ಟು ಸುತ್ತಿದರೂ ಅದು ಮರದ ಆಚೆ ಬದಿಗೇ ಇರುತ್ತಿತ್ತು.

"ಸರ್," ಅವಳ ದನಿ ಪಿಸುಮಾತಿನಷ್ಟೇ ಇತ್ತು. "ಹನ್ನೊಂದೂ ನಮ್ಮ ಕಡೆ ಅದಾವ."

"ಹೌದು. ಅದಕ್ಕ ಎಣಿಸಾಕ ಬಂತು."

"ನಮ್ಮನ್ನ ನೋಡಿ ಆ ಕಡೆ ಹೋಗಬೇಕಿತ್ರಿ. ನಮಗಿಂತ ಹತ್ತಿರ ಇನ್ಯಾರೋ ಇದ್ದಾರ. ಅವರಿಂದ ಅಡಗ್ಯಾವ."

ಅಮರನಾಥ ಹನ್ನೊಂದು ಬೆನ್ನುಗಳನ್ನು ನೋಡಿದ. ಆಮೇಲೆ ಅವುಗಳ ಹಿಂದಿನ ತಡಿಕೆಯನ್ನು. ಎರಡು ಹಲಗೆಗಳ ನಡುವೆ ಬೆರಳಗಲದ ಸಂದಿತ್ತು. ಟಾರ್ಚಿನ ಬೆಳಕು ಅಲ್ಲಿಗೆ ಹೋದಾಗ ಸಂದಿಯಲ್ಲಿ ಒಂದು ಕಣ್ಣು ಮಿಟುಕಿತು.

ಹಲಗೆ ಒದ್ದು ಕೆಡವಿದಾಗ 1-35. ಒಳಗೆ ಮೊಣಕಾಲೂರಿ ಕುಳಿತಿದ್ದ ಅಂಬಾರಾಯನ ಕೈಯಲ್ಲಿ ಕುಡಗೋಲಿತ್ತು, ಕೇಳಿದೊಡನೆ ಕೊಟ್ಟ. ಪಕ್ಕದಲ್ಲಿ ನೀರು ಎರಚುವ ಕೈಪಂಪು. ಅವನ ಬೆನ್ನ ಹಿಂದಿನ ಕಿಟಕಿ ಹೊರಗಿನ ತೊಗರಿಕಟ್ಟಿಗೆಯಲ್ಲಿ ಮರೆಯಾಗಿತ್ತು; ಮುಂಬಾಗಿಲಿಗೆ ಬೀಗ ಹಾಕಿ ಅಲ್ಲಿಂದಲೇ ಒಳಗಿಳಿದಿದ್ದ. ಕೆಳಗೆ, ಬಾಯಿಗೂ ಕಣ್ಣಿಗೂ ಬಟ್ಟೆ ಕಟ್ಟಿಸಿಕೊಂಡು ಮುಸ್ತಕೀಮ ಬಿದ್ದಿದ್ದ. ಪ್ರಜ್ಞೆ ಇರಲಿಲ್ಲ, ಉಸಿರಿತ್ತು. 2-20ಕ್ಕೆ ಅವನ ಜೊತೆ ಸುಲ್ತಾನಬಿಯ ಡಬ್ಬಿಯೂ ಆಸ್ಪತ್ರೆ ಸೇರಿತು. ಸಂಜೆಗೆ ಅವನು ಕಣ್ಣು ಬಿಟ್ಟ. ಹಾಸಿಗೆಯ ಪಕ್ಕ ಕಾವಲಿದ್ದ ಪೊಲೀಸನನ್ನು ಕಂಡು ಹೆಂಡತಿಯ ಕಡೆ ನೋಡಿದ. "ಇವ್ರನ್ನ ನಾನ ಕರಕೊಂಡು ಬಂದೇನಿ," ಅಂದಳು ಅವಳು.

ಠಾಣೆಯಲ್ಲಿ ಅಂಬಾರಾಯನ ಹೇಳಿಕೆ ಬರೆದುಕೊಂಡವಳು ಸಂಘಮಿತ್ರಾ.

"ಬರುವಾಗ ಇಪ್ಪತ್ತಿದ್ವು. ಕಾಲುಚೀಲದಾಗ ಹೊಲದು ತಂದಿದ್ದ. ಒಂಬತ್ತು ದಾರ್ಯಾಗ ಸತ್ತಿದ್ವು. ಮತ್ತ ಅದ ಚೀಲ ತಂದಾನ್ರಿ. ಕಟ್ಟಿ ಹಾಕಿದೆ. ಟೆಂಪೊ ಭೂಸನೂರಿನಾಗ ಬಿಟ್ಟು ಬಂದೆ. ಮುಂದೇನು ಮಾಡಬೇಕಂತ ತಿಳೀಲಿಲ್ಲ."

"ಸೊಲ್ಲಾಪುರಕ್ಕ ಯಾಕ ಹೋಗ್ಲಿಲ್ಲ?"

"ಕರೆಂಟ್ ಇರ್ಲಿಲ್ರಿ. ಅವಕ್ಕ ಮಳಿ ಅಂದ್ರ ನಾನ." ಆಮೇಲೆ ಅವನೇ ಕೇಳಿದ. "ಹ್ಯಾಂಗ ಗೊತ್ತಾತು, ತಂಗಿ?"

ಅವಳು ಹೇಳಿದಳು.

ಅಂಬಾರಾಯ ತಲೆ ಅಲ್ಲಾಡಿಸಿದ. "ಆ ಮುಸ್ತಕೀಮನ್ನ ನೋಡಿ ಅಡಗಿರಬೇಕು. ಎಂಟು ತಿಂಗಳಾತು, ನನ್ನ ಗುರ್ತು ಅದ ಅವಕ್ಕ. ನನ್ನ ನೋಡಿ ಅಡಗಂಗಿಲ್ರಿ. ಲೋಕದಾಗ ಅವಷ್ಟ ನನ್ನ ನೋಡಿ ಆ ಕಡೆ ಸರಿಯಂಗಿಲ್ಲ."

ಮುಸ್ತಕೀಮ ಕಣ್ಣು ಕಟ್ಟಿಸಿಕೊಂಡು ನೆಲದ ಮೇಲಿದ್ದ. ಸಂದಿಯಲ್ಲಿದ್ದ ಕಣ್ಣು ಅಂಬಾರಾಯನದೇ. ಸಂಘಮಿತ್ರಾ ಪೆನ್ನು ಎತ್ತಿದಳು, ಅವನ ಮುಖ ನೋಡಿದಳು.

"ಹೌದ್ರಿ ಕಾಕಾ," ಅಂದಳು, "ಅವನ್ನ ನೋಡಿನ ಅಡಗಿರಬೇಕು." ಆಮೇಲೆ ಸಹಿ ಮಾಡುವ ಜಾಗ ತೋರಿಸಿದಳು.